ಹೌದು ಸ್ವಾಮಿ ಎನ್ನುವ ಊರು

ನಮ್ಮ ಊರಲ್ಲಿ ಯಾರೂ ಯಾರ ಮುಖಕ್ಕೂ ‘ಇಲ್ಲ’ ಎನ್ನುತ್ತಿರಲಿಲ್ಲ. ನಾಳೆ ಕೋಣ ಕೊಡ್ತೀಯಾ ಎಂದು ನೆರೆಯವನು ಕೇಳಿದರೆ ಕೊಡ್ತೀನಿ ಎನ್ನುವುದು. ಕೊಡುವ ಮನಸ್ಸಿಲ್ಲದಿದ್ದರೆ ಆ ಮಾತಿಗೆ ಮುಂಚೆ ಒಂದು ಗಳಿಗೆ ಸುಮ್ಮನಿರುವುದು, ಅಷ್ಟೇ. ಕೇಳಿದವನು ಮಳೆಯ ಬಗ್ಗೆ ಎರಡು ಮಾತಾಡಿ, ಎಲೆಯಡಿಕೆ ಹಾಕಿಕೊಂಡು ಎದ್ದುಹೋಗುತ್ತಿದ್ದ. ಮರುದಿನ ಕೋಣ ಕೇಳಲು ಬರುತ್ತಿರಲಿಲ್ಲ. ಯಾರ ಮರ್ಯಾದೆಯೂ ಹೋಗುತ್ತಿರಲಿಲ್ಲ. ಇದನ್ನು ನಮಗೆ ಯಾರೂ ಕೂರಿಸಿ ಕಲಿಸಿದ್ದಲ್ಲ. ಮಾತಿನ ಹಿಂದಿನ ಮೌನ ಕೇಳಿಸದೇ ಇದ್ದದ್ದು ಸ್ಪೇನಿನಿಂದ ಬಂದು ನಮ್ಮನ್ನು ಆಳುತ್ತಿದ್ದ ಕಸ್ತೀಲರಿಗೆ ಮಾತ್ರ.

ಫ್ರಾಯ್ ತೋರಿಬಿಯೋ ನಮ್ಮ ಊರು ಸಾಂತ ಮಾರ್ತಕ್ಕೆ ಬಂದಾಗ ನಾನು ಅಮ್ಮನ ಲಂಗ ಹಿಡಿದು ಓಡಾಡುವ ಹುಡುಗಿ. ಅವರಿನ್ನೂ ಮೂವತ್ತು ದಾಟಿರಲಿಲ್ಲ. ಫ್ರಾನ್ಸಿಸ್ಕನ್ ಸಭೆಯ ಸಂನ್ಯಾಸಿ, ಅದಕ್ಕೇ ಫ್ರಾಯ್. ಒರಟು ನಿಲುವಂಗಿ, ಸೊಂಟಕ್ಕೆ ಹಗ್ಗ, ಬರಿಗಾಲು. ಸರೋವರದ ದಂಡೆಯ ಕೆಸರಿನಲ್ಲಿ ಆ ಬಿಳಿ ಪಾದಗಳು ಥೇಟ್ ಬಾತುಕೋಳಿಯ ಪಾದಗಳೇ ಎಂದು ಅಮ್ಮ ನಗುತ್ತಿದ್ದಳು. ಅಮ್ಮ ಇಗರ್ಜಿಯ ಮೆಟ್ಟಿಲ ಪಕ್ಕ ಎಲೆಯಡಿಕೆ ಮಡಿಸಿ ಮಾರುತ್ತಿದ್ದಳು. ಅವಳ ನಂತರ ಆ ಜಾಗ ನನ್ನದಾಯಿತು. ಫ್ರಾಯ್ ನಮ್ಮ ಭಾಷೆ ಕಲಿತದ್ದು ಅಲ್ಲೇ, ಅವಳ ಬುಟ್ಟಿಯ ಮಗ್ಗುಲಲ್ಲಿ ಕುಕ್ಕರಗಾಲಲ್ಲಿ ಕೂತು. ‘ಇದಕ್ಕೇನಂತೀರಿ, ಅದಕ್ಕೇನಂತೀರಿ’ ಎಂದು ಕೇಳಿ ಕೇಳಿ ಅವಳ ವ್ಯಾಪಾರ ಕೆಡಿಸುತ್ತಿದ್ದರು. ಕೆಲವು ವರ್ಷಗಳಲ್ಲಿ ಅವರು ನಮ್ಮ ಭಾಷೆಯಲ್ಲಿ ನಮಗಿಂತ ಚೆನ್ನಾಗಿ ಮಾತಾಡಲು ಶುರುಮಾಡಿದರು. ಎಲ್ಲವನ್ನೂ ಕಲಿತರು, ಸುಮ್ಮನಿರುವುದನ್ನೊಂದು ಬಿಟ್ಟು.

ಆಮೇಲೆ ಬರೆಯಲು ಕೂತರು. ಇಗರ್ಜಿಯ ಪಕ್ಕದ ಮಠದ ಮಹಡಿಯ ಕಿಟಕಿಯಲ್ಲಿ ಒಂದೇ ವಾಕ್ಯವನ್ನು ಹತ್ತು ಥರ ಹೇಳಿಕೊಳ್ಳುತ್ತಾ ಬರೆಯುವುದು ಕೆಳಗೆ ಕೂತ ನಮಗೆಲ್ಲ ಕೇಳಿಸುತ್ತಿತ್ತು. ಮೊದಲು ಇಗರ್ಜಿಯಲ್ಲಿ ಹೇಳುವ ಪ್ರಸಂಗಗಳ ಪುಸ್ತಕ. ಆಮೇಲೆ ಸಾಯುವವರ ಕಿವಿಯಲ್ಲಿ ಓದುವ ಪ್ರಾರ್ಥನೆಗಳು. ನನ್ನ ಅಮ್ಮ ಹೋದಾಗ ನಾನೇ ಅದನ್ನು ಓದಿದೆ. ಮೂರನೆಯದು, ಅವರ ಜೀವ ಎನ್ನಬಹುದಾದದ್ದು, ಪಾಪನಿವೇದನೆಯ ಪುಸ್ತಕ. ದೇವರ ಒಂದೊಂದು ಕಟ್ಟಳೆಗೂ ಒಂದಿಷ್ಟು ಪ್ರಶ್ನೆಗಳು. ಎಡಕ್ಕೆ ಕಸ್ತೀಲಿ, ಬಲಕ್ಕೆ ನಮ್ಮ ಭಾಷೆ. ನಮ್ಮ ಭಾಷೆ ಗೊತ್ತಿಲ್ಲದ ಪಾದ್ರಿಯೂ ಬೆರಳಿಟ್ಟು ಓದಿ ಕೇಳಬಹುದು. ಜನ ಹೌದು ಅಥವಾ ಇಲ್ಲ ಅಂದರೆ ಸಾಕು. ಮನಿಲಾದಲ್ಲಿ ಅಚ್ಚಾಗಿ ಬಂದ ಪ್ರತಿಗಳಿಗೆ ಹುಳ ಹಿಡಿಯಬಾರದೆಂದು ಫ್ರಾಯ್ ಅವನ್ನು ಅಂಗಳದಲ್ಲಿ ಮೀನಿನ ಹಾಗೆ ಬಿಸಿಲಿಗೆ ಹರವಿ, ಕೋಲು ಹಿಡಿದು ತಾವೇ ಕೋಳಿ ಕಾಯುತ್ತಿದ್ದರು.

ಈಸ್ಟರಿಗೆ ಮುಂಚಿನ ಪ್ರತಿ ತಪಸ್ಸುಕಾಲದಲ್ಲೂ ನಾವು ಸಾಲಾಗಿ ಹೋಗಿ, ಪಾದ್ರಿ ಒಳಗೆ ಕೂರುವ ಪಾಪನಿವೇದನೆಯ ಪೆಟ್ಟಿಗೆಯ ಪಕ್ಕ ಮಂಡಿಯೂರುತ್ತಿದ್ದೆವು. ಜಾಲರಿಯ ಆಚೆಯಿಂದ ಅವರ ದನಿ ಬರುತ್ತಿತ್ತು. ‘ಕನಸನ್ನು ನಂಬಿದೆಯಾ?’ ಹೌದು ಸ್ವಾಮಿ. ‘ನೆರೆಯವಳ ಮೇಲೆ ಹೊಟ್ಟೆಕಿಚ್ಚು ಪಟ್ಟೆಯಾ?’ ಹೌದು ಸ್ವಾಮಿ. ‘ಮಾಟಗಾತಿಯ ಹತ್ತಿರ ಹೋದೆಯಾ?’ ಹೌದು ಸ್ವಾಮಿ. ಅವರು ಒಂದಿಷ್ಟು ಜಪಸರ ಹೇಳಲು ಹೇಳುತ್ತಿದ್ದರು, ನಾವು ಹೇಳಿ ಮನೆಗೆ ಹೋಗುತ್ತಿದ್ದೆವು. ಪುಸ್ತಕದ ಮುನ್ನುಡಿಯಲ್ಲಿ ಅವರು ಬರೆದಿದ್ದರಂತೆ: ಈ ಜನ ಪಾಪದಲ್ಲಿ ಮುಳುಗಿದವರು, ಆದರೆ ಪಾದ್ರಿಯಿಂದ ಏನನ್ನೂ ಮುಚ್ಚಿಡದವರು.

ಫ್ರಾಯ್ ಬಂದು ಮೂವತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, ನಮ್ಮ ಕೋಣಗಳು ಮೇಯುತ್ತಿದ್ದ ಬಯಲಿಗೂ, ಬಿದಿರು ಕಡಿಯುತ್ತಿದ್ದ ಗುಡ್ಡಕ್ಕೂ ಕಸ್ತೀಲರ ಎಸ್ಟೇಟಿನವರು ಬೇಲಿ ಹಾಕಿದರು. ಅಳತೆಗೆ ಬಂದವನು ಊರ ಹಿರಿಯರನ್ನು ‘ಈ ನೆಲ ಎಸ್ಟೇಟಿನದು ತಾನೆ?’ ಎಂದು ಕೇಳಿದ್ದ. ಹಿರಿಯರು ಬಹಳ ಹೊತ್ತು ಸುಮ್ಮನಿದ್ದು ಹೌದು ಸ್ವಾಮಿ ಎಂದಿದ್ದರು. ಅವನು ಆ ಹೌದನ್ನು ಬರೆದುಕೊಂಡ, ಸುಮ್ಮನಿದ್ದದ್ದನ್ನು ಬರೆದುಕೊಳ್ಳಲಿಲ್ಲ. ಕೊಯ್ಲಿನ ಹೊತ್ತಿಗೆ ಎಸ್ಟೇಟಿನ ಕಣಜ ಹೊತ್ತಿ ಉರಿಯಿತು. ಬೆಂಕಿ ಇಟ್ಟವರು ಯಾರೆಂದು ನನಗೆ ಗೊತ್ತಿತ್ತು. ಅವರ ಹೆಸರು ಆಗ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ನನ್ನ ತಮ್ಮ ಪ್ಲಾಸಿದೋ ಅವರಲ್ಲಿರಲಿಲ್ಲ. ಅವನು ಆವತ್ತು ನನ್ನ ಜೊತೆ ಸರೋವರದ ಆಚೆ ದಡದಲ್ಲಿ ವೀಳ್ಯದೆಲೆ ಕೊಯ್ಯುತ್ತಿದ್ದ.

ಮನಿಲಾದಿಂದ ದೋನ್ ಲೋಪೆ ಎಂಬ ನ್ಯಾಯಾಧೀಶ ಸೈನಿಕರ ಜೊತೆ ಬಂದ. ನಮ್ಮ ಭಾಷೆ ಅವನಿಗೆ ಒಂದಕ್ಷರ ಬರುತ್ತಿರಲಿಲ್ಲ. ದುಭಾಷಿಗಳೆಲ್ಲ ಕಳ್ಳರು ಎಂದು ಅವನ ನಂಬಿಕೆ. ಮಠದ ಕೆಳಗಿನ ಹಜಾರದಲ್ಲಿ ಮೇಜು ಹಾಕಿಸಿಕೊಂಡು ಕೂತವನ ಕೈಗೆ ಕಪಾಟಿನಿಂದ ಫ್ರಾಯ್ ಅವರ ಪುಸ್ತಕ ಸಿಕ್ಕಿತು. ಎಡಕ್ಕೆ ಅವನ ಭಾಷೆ, ಬಲಕ್ಕೆ ನಮ್ಮದು. ‘ಪರರ ಸ್ವತ್ತಿಗೆ ಬೆಂಕಿ ಇಟ್ಟೆಯಾ? ಮೇಲಿನವರ ವಿರುದ್ಧ ಎದ್ದೆಯಾ? ಇತರರನ್ನು ಎಬ್ಬಿಸಿದೆಯಾ? ಬೆಂಕಿ ಇಟ್ಟವರ ಮುಂದಾಳು ನೀನೋ?’ ಎಲ್ಲವೂ ನಾಲ್ಕು ಮತ್ತು ಏಳನೆಯ ಕಟ್ಟಳೆಗಳ ಕೆಳಗೆ ಅಚ್ಚುಕಟ್ಟಾಗಿ ಇತ್ತು. ಗಂಡಸರನ್ನು ಒಬ್ಬೊಬ್ಬರಾಗಿ ಕರೆದು, ಬೆರಳಿಟ್ಟು ಓದಿದ. ಎಲ್ಲರೂ ಹೌದು ಸ್ವಾಮಿ ಎಂದರು. ಅವರಲ್ಲೆಲ್ಲ ಸ್ಪಷ್ಟವಾಗಿ, ತಲೆ ಬಾಗಿಸಿ, ಎರಡೂ ಕೈ ಮುಂದೆ ಕಟ್ಟಿಕೊಂಡು ಹೇಳಿದವನು ಪ್ಲಾಸಿದೋ. ಅಮ್ಮ ಇಲ್ಲದ ಹುಡುಗನನ್ನು ಹಾಗೆ ಬೆಳೆಸಿದವಳು ನಾನು. ಉಳಿದವರಿಗೆಲ್ಲ ಚಾಟಿ ಏಟು ಎಂದಾಯಿತು. ನನ್ನ ತಮ್ಮ ಮುಂದಾಳು, ಅವನಿಗೆ ಗಲ್ಲು ಎಂದಾಯಿತು.

ಅವನನ್ನು ಊರ ಮುಖ್ಯಸ್ಥನ ಮನೆಯ ಕೆಳಗೆ, ಬತ್ತ ತುಂಬುವ ಕಡೆ ಕಟ್ಟಿಹಾಕಿದ್ದರು. ಬಿದಿರಿನ ಸಂದಿಯಿಂದ ಅನ್ನ, ಒಣಮೀನು ಕೊಟ್ಟೆ.

“ಯಾಕೋ ಹೌದಂದೆ?”

“ಮತ್ತೇನಕ್ಕ ಅನ್ಲಿ? ಪಾದ್ರಿಗಳ ಪುಸ್ತಕ ಹಿಡ್ಕೊಂಡು ಕೇಳಿದ್ರು.”

“ಬೆಂಕಿ ಇಟ್ಯಾ ಅಂದ್ರೆ ಹೌದು ಅನ್ನೋದಾ?”

“ಪಾಪ, ಅಷ್ಟು ದೂರದಿಂದ ಬಂದಿದಾರೆ. ಬೆವರು ಬೇರೆ ಸುರೀತಿತ್ತು. ನಮ್ ಮಾತನ್ನ ತೊದಲಿ ತೊದಲಿ ಓದ್ತಿದ್ರು. ಮುಖದ ಮೇಲೆ ಇಲ್ಲ ಅನ್ನೋಕಾಗುತ್ತಾ?”

“ಮುಂದಾಳು ನೀನಾ ಅಂದಾಗ್ಲೂ?”

“ಅದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದೆ ಅಕ್ಕ. ಅವ್ರಿಗೆ ಗೊತ್ತಾಗ್ಬೇಕಿತ್ತು.” ಒಂದು ತುತ್ತು ನುಂಗಿದ. “ನಾನು ಮುಂದಾಳಂತೆ. ನಮ್ ಕೋಣಾನೇ ನನ್ ಮಾತು ಕೇಳಲ್ಲ.”

ನನಗೆ ನಗುವೂ ಬಂತು, ಅವನ ಕೆನ್ನೆಗೆ ಹೊಡೆಯಬೇಕೆಂದೂ ಅನ್ನಿಸಿತು.

“ಒಂದ್ ಹತ್ತು ಜಪಸರ ಹೇಳು ಅಂತಾರೆ ಅಂದ್ಕೊಂಡಿದ್ದೆ ಕಣಕ್ಕ,” ಎಂದ ಪ್ಲಾಸಿದೋ. ಆಮೇಲೆ ಊಟ ಮಾಡಲಿಲ್ಲ.

ಮಧ್ಯಾಹ್ನ ಊರೆಲ್ಲ ಮಲಗಿದ್ದಾಗ ಮಠದ ಮೆಟ್ಟಿಲು ಹತ್ತಿದೆ. ಫ್ರಾಯ್ ಕಿಟಕಿಯ ಬಳಿ ಬರೆಯುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಲೇಖನಿ ಕೆಳಗಿಟ್ಟರು.

“ನಾನೇನ್ ಮಾಡ್ಲಿ ಕೊಲಾಸಾ? ಅವನೇ ಒಪ್ಕೊಂಡಿದಾನೆ. ನನ್ ಕಿವಿಯಾರೆ ಕೇಳ್ದೆ.”

“ಒಪ್ಕೊಂಡಿಲ್ಲ ಸ್ವಾಮಿ. ಹೌದು ಅಂದ.”

“ಎರಡಕ್ಕೂ ಏನು ವ್ಯತ್ಯಾಸ?”

ಅರವತ್ತು ದಾಟಿದ ಮನುಷ್ಯನಿಗೆ ಇದನ್ನು ಹೇಗೆ ಹೇಳುವುದು? ಅವರ ಮುಂದೆ ಮೇಜಿನ ಮೇಲೆ ಆ ಪುಸ್ತಕ ಇತ್ತು. ಆ ಮುಖ ಬಾಡದೆ ಇರಲಿ ಎಂದೇ ಊರೆಲ್ಲ ಇಷ್ಟು ವರ್ಷ ಮಂಡಿಯೂರಿತ್ತು. ಅತ್ತ ಮುಖ್ಯಸ್ಥನ ಮನೆಯ ಕೆಳಗೆ ನನ್ನ ತಮ್ಮ ಕಟ್ಟಿಹಾಕಿಸಿಕೊಂಡು ಕೂತಿದ್ದ.

“ಮಾಟಗಾತಿ ಹತ್ರ ಹೋಗ್ತೀಯಾ ಅಂತ ನೀವು ವರ್ಷಾ ವರ್ಷಾ ನನ್ನ ಕೇಳ್ತೀರಿ,” ಎಂದೆ.

ಅವರು ಥಟ್ಟನೆ ಕೈ ಎತ್ತಿದರು. “ಪಾಪನಿವೇದನೇಲಿ ಆಡಿದ್ದನ್ನ ನಾನು ಹೊರಗೆ ಎತ್ತೋ ಹಾಗಿಲ್ಲ.”

“ನೀವು ಎತ್ಬೇಡಿ. ನನ್ ಪಾಪ, ನಾನು ಎತ್ತೀನಿ. ನಾನು ಹೌದಂತೀನಿ. ಒಂದ್ ಸಲಾನೂ ಹೋಗಿಲ್ಲ ಸ್ವಾಮಿ. ಈ ಊರಲ್ಲಿ ಮಾಟ ಮಾಡೋಳು ಅಂದ್ರೆ ನಮ್ ಉರ್ಬಾನಾ ಅತ್ತಿಗೆ ಒಬ್ಳೇ. ಅವಳ ಮದ್ದು ಕುಡಿದ್ರೆ ಬಾತುಕೋಳೀನೂ ಬದುಕಲ್ಲ.”

“ಮತ್ತೆ ಯಾಕೆ ಹೌದಂದೆ?”

“ನೀವು ಅಷ್ಟು ಆಸೆಯಿಂದ ಕೇಳ್ತಿದ್ರಿ.”

ಕಿಟಕಿಯ ಹೊರಗೆ ಯಾವುದೋ ಕೋಳಿ ಕೂಗಿತು. ಫ್ರಾಯ್ ನನ್ನನ್ನೇ ನೋಡಿದರು. “ಎಲ್ರೂನಾ?”

ನಾನು ಸುಮ್ಮನಿದ್ದೆ.

ಆ ಮೌನ ಅವರಿಗೆ ಕೇಳಿಸಿತು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಕೇಳಿಸಿದ್ದು ಎಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಎದ್ದರು, ಕೂತರು, ಸಿಟ್ಟಿನಿಂದ ಮತ್ತೆ ಎದ್ದರು. “ಹಾಗಾದ್ರೆ ನಿಮ್ ನಿಜವಾದ ಪಾಪ? ಅವು ಎಲ್ಲಿ?”

“ಅವನ್ನ ನೀವು ಕೇಳ್ಲಿಲ್ಲ ಸ್ವಾಮಿ. ಪುಸ್ತಕದಲ್ಲಿ ಇರಲಿಲ್ಲ.”

ಅವರು ಪುಸ್ತಕ ಎತ್ತಿಕೊಂಡು ಕೆಳಗೆ ನಡೆದರು. ನಾನು ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಂಡೆ. ಅವರಿಬ್ಬರ ಕಸ್ತೀಲಿ ಜಗಳ ನನಗೆ ಪೂರ್ತಿ ಅರ್ಥವಾಗಲಿಲ್ಲ. ಆಮೇಲೆ ಫ್ರಾಯ್ ಅವರೇ ಹೇಳಿದರು. ದೋನ್ ಲೋಪೆ ನಕ್ಕು, ಮುನ್ನುಡಿಯ ಆ ವಾಕ್ಯವನ್ನು ತೆಗೆದು ಅವರಿಗೇ ಓದಿ ತೋರಿಸಿದ್ದ. ಏನನ್ನೂ ಮುಚ್ಚಿಡದವರು. ಆಗ ಫ್ರಾಯ್ ಅಂದದ್ದು: ಆ ವಾಕ್ಯ ಬರೆದವನು ಮೂರ್ಖ, ಅವನು ನಿಮ್ಮ ಎದುರೇ ನಿಂತಿದ್ದಾನೆ. ದುಭಾಷಿ ಇಲ್ಲದೆ ನಡೆದ ವಿಚಾರಣೆಯನ್ನು ಮನಿಲಾದವರೆಗೂ ಒಯ್ಯುತ್ತೇನೆ. ಕೊನೆಗೆ ದೋನ್ ಲೋಪೆ ಒಂದಕ್ಕೆ ಒಪ್ಪಿದ: ಸೋಮವಾರ ಚೌಕದಲ್ಲಿ, ಎಲ್ಲರೆದುರು, ಅದೇ ಪುಸ್ತಕದಿಂದ ಇನ್ನೊಮ್ಮೆ ಕೇಳುತ್ತೇನೆ, ಇಲ್ಲ ಎಂದವನನ್ನು ಬಿಡುತ್ತೇನೆ.

ಭಾನುವಾರದ ಬಲಿಪೂಜೆಯಲ್ಲಿ ಫ್ರಾಯ್ ಬರೆದುಕೊಂಡ ಪ್ರಸಂಗ ಓದಲಿಲ್ಲ. ವೇದಿಕೆಯ ಮೇಲೆ ನಿಂತು ಬೇಡಿಕೊಂಡರು. “ನಾಳೆ ಅವರು ಕೇಳಿದಾಗ ಇಲ್ಲ ಅನ್ನಿ. ಮಾಡದೇ ಇದ್ದದ್ದನ್ನ ಮಾಡಿಲ್ಲ ಅನ್ನೋದು ಅವಮಾನ ಅಲ್ಲ. ನಂಗೇ ಹೇಳಿ, ನನ್ ಮುಖ ನೋಡಿ ಹೇಳಿ. ನೀವು ಕಳ್ಳರಾ?”

ಗಂಡಸರು ಟೋಪಿ ತಿರುಗಿಸುತ್ತಾ ನೆಲ ನೋಡಿದರು.

“ಹೇಳಿ ಮಕ್ಕಳೇ. ಇಲ್ಲ ಅನ್ನಿ.”

“ಇಲ್ಲ ಸ್ವಾಮಿ,” ಎಂದ ಘಂಟೆ ಹೊಡೆಯುವ ಕೋಸ್ಮೆ ಮಾಮ ಮೆಲ್ಲಗೆ. ಫ್ರಾಯ್ ಅವರ ಮುಖ ಅರಳಿತು. ಅದನ್ನು ನೋಡಿದ್ದೇ ತಡ ಇಗರ್ಜಿ ಪೂರ್ತಿ ಒಂದೇ ದನಿಯಲ್ಲಿ, ಭಕ್ತಿಗೀತೆ ಹಾಡಿದಷ್ಟು ಇಂಪಾಗಿ ಹೇಳಿತು: ಇಲ್ಲ ಸ್ವಾಮಿ. ಅವರು ಮತ್ತೆ ಕೇಳಿದರು, ಮತ್ತೆ ಇಲ್ಲ ಸ್ವಾಮಿ. ಹೆಂಗಸರು ಕಣ್ಣೊರೆಸಿಕೊಂಡರು. ಹೊರಗೆ ಬಂದಾಗ ಉರ್ಬಾನಾ ಅತ್ತಿಗೆ ಅಂದಳು, “ಪಾಪ, ಎಷ್ಟು ಖುಷಿಯಾಯ್ತು ನೋಡು ಅವ್ರಿಗೆ. ಇಷ್ಟೇ ಬೇಕಿತ್ತು ಅಂತ ಮುಂಚೇನೇ ಹೇಳಿದ್ರೆ ಅಂದ್ಬಿಡ್ತಿದ್ವಿ.”

ಸೋಮವಾರ ಬೆಳಿಗ್ಗೆ ಚೌಕದಲ್ಲಿ, ಇಗರ್ಜಿಯ ಬಾಗಿಲಿಗೆ ಸ್ವಲ್ಪವೇ ಈಚೆಗೆ, ಮೇಜು ಹಾಕಿದ್ದರು. ಊರೆಲ್ಲ ಸೇರಿತ್ತು. ಪ್ಲಾಸಿದೋನ ಕೈ ಕಟ್ಟಿ, ಹಗ್ಗದ ತುದಿಯನ್ನು ನಮ್ಮದೇ ದ್ವೀಪದ ಪಂಪಾಂಗಾ ಸೀಮೆಯ ಒಬ್ಬ ಸೈನಿಕ ಹಿಡಿದಿದ್ದ. ದೋನ್ ಲೋಪೆ ಬುದ್ಧಿವಂತ. ಬೆಂಕಿಯ ಪ್ರಶ್ನೆಯಿಂದ ಶುರುಮಾಡಲಿಲ್ಲ. ಮೊದಲ ಪುಟ ತೆರೆದು, ಎದುರಿಗೇ ಇದ್ದ ಕೋಸ್ಮೆ ಮಾಮನನ್ನು ಕರೆದು, ಬೆರಳಿಟ್ಟು ಓದಿದ.

“ನೀನು ಕ್ರೈಸ್ತನೋ?”

ಹುಟ್ಟಿದಾಗಿನಿಂದ ಇಗರ್ಜಿಯ ಘಂಟೆ ಹೊಡೆಯುತ್ತಿದ್ದ ಕೋಸ್ಮೆ ಮಾಮ ಒಮ್ಮೆ ಫ್ರಾಯ್ ಅವರತ್ತ ನೋಡಿ, ಹೆಮ್ಮೆಯಿಂದ ಕೈಮುಗಿದು ಹೇಳಿದ. “ಇಲ್ಲ ಸ್ವಾಮಿ.”

“ದೇವರೊಬ್ಬನಿದ್ದಾನೆಂದು ನಂಬುತ್ತೀಯೋ?”

“ಇಲ್ಲ ಸ್ವಾಮಿ.”

ಉರ್ಬಾನಾ ಅತ್ತಿಗೆಯನ್ನು ಕರೆದ. ಅವಳು ಹೊಸ ಶಾಲು ಹೊದ್ದು ಬಂದಿದ್ದಳು. “ರಾಜನಿಗೆ ವಿಧೇಯಳೋ?” ಇಲ್ಲ ಸ್ವಾಮಿ. “ತಂದೆತಾಯಿಗೆ ಗೌರವ ಕೊಟ್ಟೆಯೋ?” ಇಲ್ಲ ಸ್ವಾಮಿ. ಅವಳ ಹಿಂದಿನವನೂ ಹಾಗೇ, ಅವನ ಹಿಂದಿನವನೂ ಹಾಗೇ. ನಿನ್ನೆ ಕಲಿತ ಪಾಠವನ್ನು ಯಾರೂ ಮರೆತಿರಲಿಲ್ಲ. ಎಲ್ಲರೂ ಪಾದ್ರಿಯ ಮುಖ ನೋಡುತ್ತಾ, ಮೆಚ್ಚಿಗೆಗೆ ಕಾಯುತ್ತಾ, ದೇವರನ್ನೂ ರಾಜನನ್ನೂ ಹೆತ್ತವರನ್ನೂ ಇಲ್ಲ ಎಂದರು.

ದೋನ್ ಲೋಪೆ ಪುಸ್ತಕದ ಮೇಲೆ ಕೈಯಿಟ್ಟು ಹೊಟ್ಟೆ ಹಿಡಿದು ನಕ್ಕ. ಆಮೇಲೆ ನಗು ನಿಲ್ಲಿಸಿದ. ಕಸ್ತೀಲಿಯಲ್ಲಿ ಅವನಂದದ್ದು ಎಲ್ಲರಿಗೂ ಅರ್ಥವಾಯಿತು. ದಂಗೆ ಎನ್ನುವ ಪದ ನಮಗೆ ಗೊತ್ತಿತ್ತು. ಪ್ಲಾಸಿದೋನನ್ನು ಮುಂದೆ ಎಳೆಸಿದ.

“ಬೆಂಕಿ ಇಟ್ಟವರ ಮುಂದಾಳು ನೀನೋ?”

ಪ್ಲಾಸಿದೋ ಫ್ರಾಯ್ ಅವರತ್ತ ನೋಡಿದ. ಯಾವ ಉತ್ತರ ಬೇಕು ಎಂದು ಆ ಮುಖದಲ್ಲಿ ಹುಡುಕುತ್ತಿದ್ದ. ಫ್ರಾಯ್ ಅದನ್ನು ಕಂಡರು. ಏನೂ ಅನ್ನಲಿಲ್ಲ. ನಿಲುವಂಗಿಯ ಕುಲಾವಿಯನ್ನು ತಲೆಯಿಂದ ಗದ್ದದವರೆಗೆ ಎಳೆದುಕೊಂಡು, ಅವನಿಗೆ ಬೆನ್ನು ಮಾಡಿ ನಿಂತರು. ಪ್ಲಾಸಿದೋನ ಕಣ್ಣು ನನ್ನನ್ನು ಹುಡುಕಿಕೊಂಡು ಬಂತು. ನಾನೂ ತಿರುಗಿ ನಿಂತೆ. ಬೆನ್ನ ಹಿಂದೆ ತಮ್ಮನ ಉಸಿರಾಟ ಕೇಳುತ್ತಾ ಸರೋವರದ ಕಡೆ ಮುಖ ಮಾಡಿ ನಿಂತ ಆ ಹೊತ್ತು ನನ್ನೊಳಗೆ ಇನ್ನೂ ಮುಗಿದಿಲ್ಲ.

ಯಾರ ಮುಖವೂ ಸಿಗದಿದ್ದಾಗ ಅವನು ತಾನೇ ಮಾತಾಡಿದ. ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. “ಆವತ್ತು ನಾನು ಆ ದಡದಲ್ಲಿದ್ದೆ. ಅಕ್ಕ ಎಲೆ ಕುಯ್ತಿದ್ಳು, ನಾನು ಕಟ್ಟು ಕಟ್ತಿದ್ದೆ. ಈ ಕಡೆ ಹೊಗೆ ಕಂಡಾಗ ಯಾರದೋ ಮನೆ ಹೊತ್ಕೊಂಡಿದೆ ಅಂತ ಹುಟ್ಟು ಹಾಕ್ಕೊಂಡು ಓಡಿ ಬಂದೆ, ಆರಿಸೋಕೆ. ಬಂದಾಗ ಎಲ್ಲ ಸುಟ್ಟೋಗಿತ್ತು. ಆರಿಸೋಕಾಗಲಿಲ್ಲ ಅಂತ ಬೇಜಾರಾಯ್ತು. ಆಮೇಲೆ ಬೇಲಿ ನೆನಪಾಯ್ತು. ಆಗ ಬೇಜಾರಾಗಲಿಲ್ಲ. ಅದು ನನ್ ಪಾಪ. ಅದೊಂದೇ.”

ಅವನು ತನ್ನ ಬಾಳಿನಲ್ಲಿ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಫ್ರಾಯ್ ಕುಲಾವಿ ಸರಿಸಿ ತಿರುಗಿದರು, ಕೆನ್ನೆ ಒದ್ದೆಯಾಗಿತ್ತು.

ದೋನ್ ಲೋಪೆಗೆ ಒಂದು ಶಬ್ದವೂ ತಿಳಿಯಲಿಲ್ಲ. ಬೆರಳು ಪುಸ್ತಕದ ಮೇಲೆ ಆ ಪ್ರಶ್ನೆಯಲ್ಲೇ ಇತ್ತು. “ಹೌದೋ, ಇಲ್ಲವೋ?”

“ನಾನು ಹೇಳ್ತೀನಿ ಅವನು ಅಂದದ್ದನ್ನ,” ಎಂದು ಫ್ರಾಯ್ ಮುಂದೆ ಬಂದರು. ದೋನ್ ಲೋಪೆ ಕೈ ಬೀಸಿದ. ಈ ಊರನ್ನು ಎಬ್ಬಿಸಿದವನ ಅನುವಾದ ನನಗೆ ಬೇಡ. ಮೊದಲಿನ ಹೌದೇ ಖಾಯಂ. ನಾಳೆ ಗಲ್ಲು.

ಫ್ರಾಯ್ ಆ ಪಂಪಾಂಗಾ ಸೈನಿಕನ ಮುಂದೆ ಹೋಗಿ ಕೈ ಚಾಚಿದರು. “ಆ ಹಗ್ಗ ಕೊಡಪ್ಪ.”

“ಹೌದು ಸ್ವಾಮಿ,” ಎಂದು ಅವನು ಕೊಟ್ಟುಬಿಟ್ಟ. ಅವನೂ ಯಾವುದೋ ಊರಿನ ತಾಯಿಯ ಮಗ.

ಫ್ರಾಯ್ ನನ್ನ ತಮ್ಮನನ್ನು ಕರೆದುಕೊಂಡು, ಅವಸರವಿಲ್ಲದೆ, ಆ ಬಾತುಕೋಳಿ ಪಾದಗಳನ್ನು ಊರುತ್ತಾ ಇಗರ್ಜಿಯ ಮೆಟ್ಟಿಲು ಹತ್ತಿದರು. ಹೊಸ್ತಿಲ ಒಳಗೆ ನಿಂತು ತಿರುಗಿ, ಮೊದಲು ಕಸ್ತೀಲಿಯಲ್ಲಿ, ಆಮೇಲೆ ನಮ್ಮ ಭಾಷೆಯಲ್ಲಿ ಕೂಗಿ ಹೇಳಿದರು: ಇಗರ್ಜಿಯೊಳಗೆ ಆಶ್ರಯ ಪಡೆದವನನ್ನು ರಾಜನ ಸೈನಿಕರೂ ಎಳೆದುಕೊಂಡು ಹೋಗುವಂತಿಲ್ಲ. ಇದು ನಿಮ್ಮದೇ ಕಾನೂನು. ಹೊರಗೆ ಕಳಿಸಬೇಕಾದವನು ನಾನು. ನಾನು ಕಳಿಸುವುದಿಲ್ಲ.

ದೋನ್ ಲೋಪೆ ಎದ್ದ ರಭಸಕ್ಕೆ ಮೇಜು ಉರುಳಿತು. ಕಾನೂನು ಅವನಿಗೂ ಗೊತ್ತಿತ್ತು. ಆದರೆ ಬಾಗಿಲು ಇನ್ನೂ ತೆರೆದೇ ಇತ್ತು, ಸಿಟ್ಟು ನೆತ್ತಿಗೇರಿತ್ತು. ಸೈನಿಕರಿಗೆ ನುಗ್ಗಿ ಎಂದ. ಸೈನಿಕರು ಮೆಟ್ಟಿಲ ಬಳಿ ಬರುವಷ್ಟರಲ್ಲಿ ಮೆಟ್ಟಿಲ ತುಂಬ ನಾವು.

ಯಾರು ಮೊದಲು ಹೋದರು ಎಂದು ಹೇಳಲಾರೆ. ಯಾರೂ ಓಡಲಿಲ್ಲ, ಕೂಗಲಿಲ್ಲ, ಕೋಲು ಎತ್ತಲಿಲ್ಲ. ನೆರಳು ಹುಡುಕಿಕೊಂಡು ಬಂದವರ ಹಾಗೆ ಹೋಗಿ ಕೂತೆವು. ನಾನು ನನ್ನ ಜಾಗದಲ್ಲಿ ಬುಟ್ಟಿ ಇಟ್ಟುಕೊಂಡು ಕೂತೆ. ಕೋಸ್ಮೆ ಮಾಮ ಬಾಗಿಲಿಗೆ ಅಡ್ಡಲಾಗಿ ಕಾಲು ಚಾಚಿ, ಮಂಡಿ ಉಜ್ಜಿಕೊಳ್ಳುತ್ತಾ ಕೂತ.

“ಸರೀರಿ,” ಎಂದ ಸೈನಿಕರ ಮುಖಂಡ.

“ಹೌದು ಸ್ವಾಮಿ, ಸರೀತೀವಿ,” ಎಂದರು ಎಲ್ಲರೂ. ಯಾರೂ ಅಲ್ಲಾಡಲಿಲ್ಲ.

“ಈಗ್ಲೇ ಸರೀರಿ!”

“ಹೌದು ಸ್ವಾಮಿ. ಈಗ್ಲೇ.”

“ಏಯ್ ಮುದುಕ, ಕಾಲು ತೆಗಿ.”

“ತೆಗೀತೀನಿ ಸ್ವಾಮಿ,” ಎಂದು ಕೋಸ್ಮೆ ಮಾಮ ಮುಗುಳ್ನಕ್ಕು ಇನ್ನೊಂದು ಕಾಲನ್ನೂ ಚಾಚಿದ.

ದೋನ್ ಲೋಪೆ ತಾನೇ ಬಂದು ನನ್ನ ಮುಂದೆ ನಿಂತ. ಅವನ ಬೆವರು ನನ್ನ ಎಲೆಗಳ ಮೇಲೆ ತೊಟ್ಟಿಕ್ಕಿತು. ನಾನು ಒಂದೆಲೆ ಆರಿಸಿ, ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಿಸಿ ಎರಡೂ ಕೈಯಿಂದ ಅವನಿಗೆ ಚಾಚಿದೆ. “ತಗೊಳ್ಳಿ ಸ್ವಾಮಿ. ಬಿಸ್ಲು ಜೋರಾಗಿದೆ.”

ಒಳಗಿನಿಂದ ಫ್ರಾಯ್ ಅವರ ನಗು ಕೇಳಿಸಿತು. ಆ ಮನುಷ್ಯ ಹಾಗೆ ನಕ್ಕದ್ದನ್ನು ನಾನು ಕೇಳಿರಲೇ ಇಲ್ಲ. ನಮ್ಮ ಹೌದು ಏನು ಎನ್ನುವುದು ಅವರಿಗೆ ಆಗ ಪೂರ್ತಿ ಅರ್ಥವಾಗಿತ್ತು.

ಹೊಸ್ತಿಲಲ್ಲಿ ರಕ್ತ ಹರಿಸಿದರೆ ಮನಿಲಾದ ಬಿಷಪ್ಪರಿಗೆ ಉತ್ತರ ಹೇಳಬೇಕಾದವನು ತಾನು ಎಂದು ದೋನ್ ಲೋಪೆಗೆ ನಿಧಾನವಾಗಿ ನೆನಪಾಯಿತು. ಕಾಯುತ್ತೇನೆ ಎಂದು ಮಠದ ಹಜಾರದಲ್ಲಿ ಕೂತ. ಅಕ್ಕಿ ತನ್ನಿ ಎಂದ, ತರ್ತೀವಿ ಸ್ವಾಮಿ ಎಂದರು. ಸೌದೆ ಎಂದ, ಬಂತು ಸ್ವಾಮಿ ಎಂದರು. ಅವನ ಸೈನಿಕರು ಸರೋವರದಲ್ಲಿ ತಾವೇ ಮೀನು ಹಿಡಿಯಲು ಕಲಿತರು. ಚಾಟಿ ಏಟಿನವರನ್ನು ಕರೆಸಿ ಎಂದಾಗಲೂ ಕರೆಸ್ತೀವಿ ಎಂದದ್ದೇ. ಅವರೆಲ್ಲ ಆಗಲೇ ಬೆಟ್ಟ ಸೇರಿದ್ದರು. ಮಳೆ ಹಿಡಿದುಕೊಂಡ ಮೇಲೆ ಅವನು ವಾಪಸು ಹೋದ.

ಹೋದವನು ಸುಮ್ಮನಿರಲಿಲ್ಲ. ಫ್ರಾಯ್ ಅವರ ಸಭೆಯ ಮೇಲಿನವರಿಂದ ಕರೆ ಬಂತು. ಮನಿಲಾಕ್ಕೆ ಬಂದು ಎರಡು ಬರೆದುಕೊಡಬೇಕು: ಪಾಪನಿವೇದನೆಯ ಪುಸ್ತಕವನ್ನು ಹಿಂತೆಗೆದುಕೊಂಡಿದ್ದೇನೆ ಎಂದು ಒಂದು; ಆ ಯುವಕನಿಗೆ ಆಶ್ರಯ ಕೊಟ್ಟದ್ದು ತಪ್ಪು ಎಂದು ಇನ್ನೊಂದು. ಎರಡನೆಯದನ್ನು ಬರೆದ ದಿನ ಪ್ಲಾಸಿದೋನನ್ನು ಇಗರ್ಜಿಯೊಳಗಿಂದಲೇ ಹಿಡಿದುಕೊಂಡು ಹೋಗಬಹುದಿತ್ತು.

ಅವರನ್ನು ದೋಣಿಯವರೆಗೆ ಬಿಡಲು ಹೋದೆ. ಕೈಯಲ್ಲಿ ಒಂದು ಗಂಟು, ಅಷ್ಟೇ.

“ಮೊದಲನೇದನ್ನ ಖುಷಿಯಿಂದ ಬರ್ಕೊಡ್ತೀನಿ,” ಎಂದರು. “ಅದು ಕೆಟ್ಟ ಪುಸ್ತಕ. ಎರಡನೇದೇ ಕಷ್ಟ.”

“ಆಗಲ್ಲ ಅನ್ನಿ ಸ್ವಾಮಿ. ನಮ್ಗೆ ಅಷ್ಟು ಹೇಳ್ಕೊಟ್ರಲ್ಲ.”

ಅವರು ನೀರು ನೋಡುತ್ತಾ ನಿಂತರು. “ನಾನು ಸಂನ್ಯಾಸಿ ಕೊಲಾಸಾ. ಮೇಲಿನವರ ಮಾತು ಮೀರಲ್ಲ ಅಂತ ಇಪ್ಪತ್ತನೇ ವಯಸ್ಸಲ್ಲಿ ಆಣೆ ಮಾಡಿದೀನಿ. ಅವ್ರ ಮುಖಕ್ಕೆ ಇಲ್ಲ ಅಂತ ಒಂದು ದಿನಾನೂ ಅಂದಿಲ್ಲ. ಅನ್ನೋಕೆ ಬರಲ್ಲ.”

ನನಗೆ ಅವರ ಮೇಲೆ ಎಂದೂ ಇಲ್ಲದ ಸಲಿಗೆ ಬಂತು. ನಮ್ಮವರೇ ಅನ್ನಿಸಿತು.

“ಹಾಗಾದ್ರೆ ಹೌದು ಅನ್ನಿ,” ಎಂದೆ. “ಬರೀತೀನಿ ಅನ್ನಿ. ಬರೀಬೇಡಿ.”

ಅವರು ನನ್ನ ಕಡೆ ತಿರುಗಿದರು. ತುಂಬಾ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ನಿಲುವಂಗಿ ಮೊಣಕಾಲಿಗೆ ಎತ್ತಿ ದೋಣಿ ಹತ್ತಿದರು.

ಮಿಕ್ಕದ್ದು ಮನಿಲಾಕ್ಕೆ ಹೋಗಿ ಬರುವವರಿಂದ ಕೇಳಿದ್ದು. ಮೇಲಿನವರು ಹಾಳೆ, ಮಸಿ ಮುಂದಿಟ್ಟರಂತೆ. ಫ್ರಾಯ್ ತೋರಿಬಿಯೋ ಮೊದಲನೆಯದನ್ನು ಆಗಲೇ ಬರೆದುಕೊಟ್ಟು, ಎರಡನೆಯದಕ್ಕೆ ತಲೆ ಬಾಗಿಸಿ, ಹೌದು ಸ್ವಾಮಿ, ಬರೆಯುತ್ತೇನೆ ಎಂದರಂತೆ. ಮರುದಿನ ಜ್ವರ ಬಂತು. ಜ್ವರ ಬಿಟ್ಟಮೇಲೆ ಕಣ್ಣು ಮಂಜಾಯಿತು. ಕನ್ನಡಕ ತರಿಸಿಕೊಟ್ಟರೆ ಕೈ ನಡುಗಿತು. ಬರೆಯಲು ಇನ್ನೊಬ್ಬನನ್ನು ಕೂರಿಸಿದರೆ ಸರಿಯಾದ ಪದಕ್ಕಾಗಿ ಹುಡುಕುತ್ತಿದ್ದೇನೆ ಎಂದರು; ಒಂದೇ ವಾಕ್ಯವನ್ನು ಹತ್ತು ಥರ ಹೇಳಿ, ಯಾವುದೂ ಸರಿಯಾಗಲಿಲ್ಲ ಎಂದು ಹರಿದುಹಾಕಿಸಿದರು. ಕೇಳಿದಾಗಲೆಲ್ಲ ಹೌದು ಸ್ವಾಮಿ, ನಾಳೆ ಎಂದರು. ವರ್ಷಗಳು ಹೋದವು. ಮೇಲಿನವರು ಬದಲಾದರು, ದೋನ್ ಲೋಪೆ ತನ್ನ ದೇಶಕ್ಕೆ ಹಡಗು ಹತ್ತಿದ. ಪ್ಲಾಸಿದೋ ಇಗರ್ಜಿಯೊಳಗೇ ಇದ್ದು, ಕೋಸ್ಮೆ ಮಾಮನ ಮಂಡಿ ಪೂರ್ತಿ ಕೈಕೊಟ್ಟ ಮೇಲೆ ಘಂಟೆ ಹೊಡೆದ. ಆಮೇಲೊಂದು ದಿನ ಅವನು ಅಂಗಳ ದಾಟಿ ಬೀದಿಗೆ ಬಂದ, ಯಾರೂ ಅವನನ್ನು ಹಿಡಿಯಲಿಲ್ಲ. ಈಗ ಮೂರು ಮಕ್ಕಳ ಅಪ್ಪ. ಅವನ ಕೋಣ ಬೇಲಿ ಮುರಿದುಬಿದ್ದ ಆ ಬಯಲಿನಲ್ಲೇ ಮೇಯುತ್ತದೆ.

ನಮ್ಮ ಭಾಷೆಯಲ್ಲಿ ಮೂರು ಪುಸ್ತಕ ಬರೆದವರು, ಆ ಒಂದು ಹಾಳೆಯನ್ನು ಸಾಯುವತನಕ ಬರೆಯಲಿಲ್ಲ.